ಮೊದಲು ಆಪರೇಷನ್ ನೋಟ್ಸ್ ತರಿಸಿಕೊಳ್ಳಿ

ಇಂಗ್ಲೆಂಡಿಗೆ ಬಂದು ಮೂರು ತಿಂಗಳು, ಈಗ ಎಂಟು ವಾರದ ಬಸುರಿ, ಎರಡು ವರ್ಷದ ಹಿಂದೆ ಶಿವಮೊಗ್ಗದಲ್ಲಿ ಗರ್ಭಕೋಶದ ಗೆಡ್ಡೆ ತೆಗೆಸಿದ್ದೀರಿ. ಹೆರಿಗೆ ಇಲ್ಲೇ ಆಗಲಾ, ತವರಿಗೆ ಹೋಗಲಾ ಎಂದು ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದೆ ನನ್ನದೂ ಇದೇ ಕಥೆ.

ಇಲ್ಲಿ ಬಸುರಿಯರನ್ನು ಮೊದಲು ನೋಡುವುದು ಡಾಕ್ಟರ್ ಅಲ್ಲ, ಮಿಡ್‌ವೈಫ್, ಅಂದರೆ ತರಬೇತಿ ಪಡೆದ ಸೂಲಗಿತ್ತಿ. ಹತ್ತು ವಾರದೊಳಗೆ ಮೊದಲ ಭೇಟಿ ಆಗಬೇಕು, ಈ ವಾರವೇ ಹೆಸರು ಬರೆಸಿ. ಎಲ್ಲ ಸರಿಯಿದ್ದವರಿಗೆ 12ನೇ ವಾರಕ್ಕೊಂದು, 20ನೇ ವಾರಕ್ಕೊಂದು, ಎರಡೇ ಸ್ಕ್ಯಾನ್. ನಮ್ಮೂರಲ್ಲಿ ಪದೇ ಪದೇ ಸ್ಕ್ಯಾನ್ ಮಾಡಿಸಿ ಅಭ್ಯಾಸ ಆದವರಿಗೆ, ಇಲ್ಲಿ ಕೇಳೋರೇ ಇಲ್ವಾ ಅನ್ನಿಸುತ್ತದೆ. ಕೇಳುತ್ತಾರೆ. ಆದರೆ ನಿಮ್ಮ ಊರಿನ ದಾಖಲೆ ಅವರ ಕಂಪ್ಯೂಟರಿನಲ್ಲಿ ಇಲ್ಲ, ನೀವೇ ಬಾಯಿಬಿಟ್ಟು ಹೇಳಬೇಕು.

ನಾನು ಹೇಳಿದ್ದು "ಒಂದು ಸಣ್ಣ ಆಪರೇಷನ್" ಅಂತ. ಅವರೂ ಸುಮ್ನೆ ಹಾಗೇ ಬರೆದುಕೊಂಡರು. 28ನೇ ವಾರದಲ್ಲಿ ಹೊಟ್ಟೆಯ ಗಾಯದ ಗುರುತು ನೋಡಿದ ಡಾಕ್ಟರ್ ಕೇಳಿದರು: ಗೆಡ್ಡೆ ತೆಗೆಯುವಾಗ ಗರ್ಭಕೋಶದ ಒಳಗಿನ ಪದರದವರೆಗೂ ಕೊಯ್ದಿದ್ದರಾ? ನನ್ನ ಡಿಸ್ಚಾರ್ಜ್ ಸಮರಿಯಲ್ಲಿ ಇದ್ದದ್ದು ಒಂದೇ ಸಾಲು. ಅಪ್ಪ ಮೈಸೂರಿನ ಆಸ್ಪತ್ರೆಗೆ ನಾಲ್ಕು ಸಲ ಅಲೆದು, ಎಲ್ಲಿ, ಎಷ್ಟು ಆಳ ಕೊಯ್ದರು ಎಂದು ಸರ್ಜನ್ ಬರೆದಿಟ್ಟ ಆಪರೇಷನ್ ನೋಟ್ಸ್‌ನ ಫೋಟೋ ವಾಟ್ಸಾಪ್ ಮಾಡಿದರು.

ಆ ಪ್ರಶ್ನೆಗೆ ಕಾರಣ ಇದೆ. ಗೆಡ್ಡೆ ಗರ್ಭಕೋಶದ ಹೊರಗೆ ಜೋತುಬಿದ್ದಿದ್ದರೆ ಚಿಂತೆ ಕಡಿಮೆ. ಗೋಡೆ ಆಳಕ್ಕೆ ಸೀಳಿ ತೆಗೆದಿದ್ದರೆ, ಹೆರಿಗೆ ನೋವಿನಲ್ಲಿ ಆ ಹೊಲಿಗೆಯ ಜಾಗ ಬಿರಿಯಬಹುದು. ನೂರಕ್ಕೆ ಒಬ್ಬರಿಗೂ ಹಾಗಾಗುವುದಿಲ್ಲ, ಆದರೂ ಬಿರಿದರೆ ತಾಯಿ ಮಗು ಇಬ್ಬರಿಗೂ ಅಪಾಯ. ಅದಕ್ಕೇ ಅಂಥವರಿಗೆ ನೋವು ಶುರುವಾಗುವ ಮೊದಲೇ, ಸಾಮಾನ್ಯವಾಗಿ 37-38 ವಾರಕ್ಕೆ ಸಿಸೇರಿಯನ್ ಮಾಡುತ್ತಾರೆ. ನನಗೂ ಹಾಗೇ ಆಯಿತು. ಇನ್ನೊಂದು, ಮಾಸು (ಪ್ಲಾಸೆಂಟಾ). ಅದು ಹಳೇ ಗಾಯದ ಮೇಲೆ ಬೇರೂರಿದರೆ ಬಿಡಿಸುವಾಗ ರಕ್ತ ಜಾಸ್ತಿ ಹೋಗುತ್ತದೆ. 20ನೇ ವಾರದ ಸ್ಕ್ಯಾನಿನಲ್ಲಿ ಮಾಸು ಎಲ್ಲಿದೆ ಅಂತ ಕೇಳಿ.

ಅಪರೂಪಕ್ಕೆ ಹೆರಿಗೆ ನೋವಿಗೆ ಮೊದಲೇ ಹೊಲಿಗೆ ಬಿರಿಯುವುದುಂಟು. ಹೊಟ್ಟೆಯಲ್ಲಿ ಚುಚ್ಚಿದಂಥ ನೋವು ಬಂದು ನಿಲ್ಲದೇ ಇದ್ದರೆ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ. ಆಸ್ಪತ್ರೆಯಲ್ಲಿ ಬಸುರಿಯರ ತುರ್ತು ತೊಂದರೆ ನೋಡುವ ಮೆಟರ್ನಿಟಿ ಟ್ರಯಾಜ್‌ಗೆ ಫೋನ್ ಮಾಡಿ, ರಾತ್ರಿ ಎರಡು ಗಂಟೆಯಾದರೂ ಸಂಕೋಚ ಬೇಡ. ರಕ್ತ ಜೋರಾಗಿ ಹೋದರೆ 999ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೆಸಿ. ಇಂಗ್ಲಿಷ್ ತೊಡಕಾದರೆ ಭೇಟಿಗೆ ಕನ್ನಡ ಬಲ್ಲವರನ್ನು ಕೊಡಿ ಎಂದು ಮೊದಲೇ ಕೇಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮಿಡ್‌ವೈಫ್ ಅರ್ಜಿ ಹಾಕಿಕೊಟ್ಟರೆ ಮಾತ್ರೆಗಳೂ ಹೆರಿಗೆಯಾಗಿ ಒಂದು ವರ್ಷದವರೆಗೆ ಬಿಟ್ಟಿ.

ತವರಿನ ಆಸೆ ನನಗೆ ಅರ್ಥವಾಗುತ್ತದೆ. ಆದರೂ ಕೊನೇ ತಿಂಗಳುಗಳಲ್ಲಿ ಆ ಹೊಲಿಗೆ ಹೊತ್ತು ಹತ್ತು ಗಂಟೆ ವಿಮಾನದಲ್ಲಿ ಕೂರುವುದು ನನಗೆ ಸರಿ ಕಾಣುವುದಿಲ್ಲ. 28 ವಾರ ದಾಟಿದರೆ ವಿಮಾನದವರೂ ಡಾಕ್ಟರ್ ಪತ್ರ ಕೇಳುತ್ತಾರೆ. ಅಮ್ಮನನ್ನೇ ಕರೆಸಿಕೊಳ್ಳಿ. ವಿಸಿಟರ್ ವೀಸಾದಲ್ಲಿ ಆರು ತಿಂಗಳು ಇರಬಹುದು, ಬಾಣಂತನಕ್ಕೆ ಸಾಕು, ಅಲ್ವಾ?

ಆ ನೋಟ್ಸ್‌ಗೆ ಮಾತ್ರ ಇವತ್ತೇ ಊರಿಗೆ ಫೋನ್ ಮಾಡಿ. ರೆಕಾರ್ಡ್ ರೂಮಿನವರು ನಿಮ್ಮ ಸಹಿ ಇರುವ ಪತ್ರ ಕೇಳಬಹುದು. ನಮ್ಮಪ್ಪ ಎರಡು ಸಲ ಬರಿಗೈಲಿ ಬಂದಿದ್ದು ಅದಕ್ಕೇ.