ಎರಡನೇ ಪುಟಕ್ಕೂ ಲೋಗೊ ಬರ್ತಿದೆಯಾ?

ಪ್ರಶ್ನೆ: ನಮ್ಮ ಸಂಘದ ಪತ್ರಗಳಿಗೆ ವರ್ಡ್‌ನಲ್ಲಿ ಟೆಂಪ್ಲೇಟ್ (ಮಾದರಿ ಫೈಲ್) ಮಾಡಿದ್ದೇನೆ. ಹೆಡರ್‌ನಲ್ಲಿ (ಪುಟದ ಮೇಲ್ತುದಿಯ ಜಾಗ) ಲೋಗೊ, ವಿಳಾಸ ಇದೆ. ಪತ್ರ ಎರಡು ಪುಟವಾದರೆ ಎರಡನೆಯದರಲ್ಲೂ ಅದೇ ಬರುತ್ತದೆ. ಈಗ ವಿಳಾಸ ಬದಲಾಗಿದೆ, ಟೆಂಪ್ಲೇಟ್ ತಿದ್ದಿದೆ, ಆದರೆ ಹಳೆಯ ಪತ್ರಗಳಲ್ಲಿ ಏನೂ ಬದಲಾಗಿಲ್ಲ. ಯಾಕೆ ಸಾರ್?

ಉತ್ತರ: ಮೊದಲನೆಯದು ಸುಲಭ. ಟೆಂಪ್ಲೇಟ್ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಓಪನ್’ ಕೊಡಿ. ಸುಮ್ನೆ ಡಬಲ್ ಕ್ಲಿಕ್ ಮಾಡಿದರೆ ಹೊಸ ಪತ್ರ ತೆರೆದುಕೊಳ್ಳುತ್ತದೆ, ಟೆಂಪ್ಲೇಟ್ ಅಲ್ಲ. ಆಮೇಲೆ ಹೆಡರ್ ಜಾಗದಲ್ಲಿ ಡಬಲ್ ಕ್ಲಿಕ್ ಮಾಡಿ, ಮೇಲೆ ಬರುವ ‘ಡಿಫರೆಂಟ್ ಫಸ್ಟ್ ಪೇಜ್’ ಮುಂದೆ ಟಿಕ್ ಹಾಕಿ. ತಕ್ಷಣ ಲೋಗೊ ಮಾಯವಾಗುತ್ತದೆ! ಗಾಬರಿ ಬೇಡ, ಅದು ಎರಡನೇ ಪುಟದ ಹೆಡರ್‌ಗೆ ಹೋಗಿ ಕೂತಿರುತ್ತದೆ ಅಷ್ಟೇ. ಹೆಡರ್‌ನಿಂದ ಹೊರಬಂದು ಕಂಟ್ರೋಲ್ ಎಂಟರ್ ಒತ್ತಿ ಎರಡನೇ ಪುಟ ಮಾಡಿಕೊಂಡು, ಅಲ್ಲಿಂದ ಲೋಗೊ ಕಟ್ ಮಾಡಿ ಮೊದಲ ಪುಟದ ಹೆಡರ್‌ಗೆ ಪೇಸ್ಟ್ ಮಾಡಿ, ಕೊನೆಗೆ ಆ ಖಾಲಿ ಪುಟ ಅಳಿಸಿ. ಈ ಟಿಕ್ ಫೂಟರ್‌ಗೂ (ಪುಟದ ಕೆಳತುದಿಯ ಜಾಗ) ಅನ್ವಯಿಸುತ್ತದೆ, ಹಾಗಾಗಿ ಪುಟಸಂಖ್ಯೆ ಎರಡೂ ಪುಟದಲ್ಲಿ ಬೇಕಿದ್ದರೆ ಎರಡೂ ಪುಟದ ಫೂಟರ್‌ನಲ್ಲಿ ಹಾಕಬೇಕು. ಸಂಖ್ಯೆಯನ್ನು ಕೈಯಲ್ಲಿ ಟೈಪ್ ಮಾಡಬೇಡಿ, ‘ಪೇಜ್ ನಂಬರ್’ನಿಂದಲೇ ಸೇರಿಸಿ.

ಎರಡನೆಯದಕ್ಕೆ ಅಡ್ಡದಾರಿ ಇಲ್ಲ. ಪತ್ರ ಶುರುವಾಗುವಾಗಲೇ ಹೆಡರ್ ಅದರೊಳಗೆ ನಕಲಾಗಿಬಿಡುತ್ತದೆ, ಆಮೇಲೆ ಟೆಂಪ್ಲೇಟ್ ತಿದ್ದಿದರೂ ಹಳೆಯದಕ್ಕೆ ಮುಟ್ಟುವುದಿಲ್ಲ. ‘ಆಟೊಮ್ಯಾಟಿಕಲಿ ಅಪ್‌ಡೇಟ್ ಡಾಕ್ಯುಮೆಂಟ್ ಸ್ಟೈಲ್ಸ್’ ಅಂತ ಒಂದು ಆಯ್ಕೆ ಇದೆ, ಹೆಸರು ನೋಡಿ ಆಸೆಪಡಬೇಡಿ, ಅದು ಸ್ಟೈಲ್‌ಗಳಿಗೆ (ಅಕ್ಷರದ ಗಾತ್ರ, ಬಣ್ಣದಂಥ ರೂಪಕ್ಕೆ) ಮಾತ್ರ. ಕಳಿಸಿಯಾದ ಪತ್ರಗಳನ್ನು ಹಾಗೇ ಬಿಡಿ, ಅವು ಹೋಗಿದ್ದು ಹಳೆಯ ವಿಳಾಸದಿಂದಲೇ ಅಲ್ವಾ?