ನರ್ಸಕ್ಕನಿಗೆ ಕೇಳಿ: ಅಜ್ಜಿಯನ್ನೂ ಕರ್ಕೊಂಡು ಹೋಗು

ಪ್ರಶ್ನೆ: ನಮಸ್ತೆ ನರ್ಸಕ್ಕ. ನನಗೆ 24 ವರ್ಷ, ಚೊಚ್ಚಲ ಬಸುರಿ, ಈಗ ಏಳು ತಿಂಗಳು. ಬಾಣಂತನಕ್ಕೆ ಹೊಸನಗರ ತಾಲೂಕಿನ ನಗರ ಎಂಬ ಊರಿನ ಹತ್ತಿರದ ತವರಿಗೆ ಬಂದಿದ್ದೇನೆ. ಜುಲೈ ಮೂರನೇ ವಾರ ಡೇಟ್ ಕೊಟ್ಟಿದ್ದಾರೆ. ನಮ್ಮಕ್ಕನ ಹೆರಿಗೆ ಒಂದು ಆಸ್ಪತ್ರೆಯಲ್ಲಿ ಆಯ್ತು. ನೋವು ತಿನ್ನುವಾಗ ಬೈದರಂತೆ, ಅಮ್ಮನನ್ನು ಒಳಗೆ ಬಿಡಲೇ ಇಲ್ಲವಂತೆ. ಅದನ್ನು ಕೇಳಿದ ಮೇಲೆ ಮನೆಯಲ್ಲೇ ಹೆರಬೇಕು ಅನ್ನಿಸಿದೆ. ನಮ್ಮಜ್ಜಿ ಊರಲ್ಲಿ ಎಷ್ಟೋ ಹೆರಿಗೆ ಮಾಡಿಸಿದವರು, ಈಗ 78 ವರ್ಷ. ಹೊರದೇಶದವರು ಮನೆಯಲ್ಲೇ ಹೆರುವ ವಿಡಿಯೊಗಳನ್ನು ನನ್ನ ಗಂಡ ತೋರಿಸುತ್ತಾರೆ. ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಲಿಲ್ವಾ? ನಮ್ಮ ಮನೆಯಿಂದ ಟಾರು ರಸ್ತೆಗೆ ಎರಡು ಕಿಲೋಮೀಟರ್, ನಡುವೆ ಹಳ್ಳ ದಾಟಲು ಒಂದು ಕಾಲುಸಂಕ (ನಡೆದು ಹೋಗುವ ಕಿರುಸೇತುವೆ) ಇದೆ. ಏನು ಮಾಡಲಿ?

ಉತ್ತರ: ನೀನು ನನ್ನ ಮಗಳಿಗಿಂತ ಚಿಕ್ಕವಳು, ‘ನೀನು’ ಅಂತಲೇ ಬರೆಯುತ್ತೇನೆ. ಮೊದಲು ನಿಮ್ಮಕ್ಕನ ವಿಷಯ. ನೋವು ತಿನ್ನುತ್ತಿರುವ ಹೆಣ್ಣಿಗೆ ಬೈಯುವುದು ತಪ್ಪು. 33 ವರ್ಷ ಇದೇ ಕೆಲಸ ಮಾಡಿದವಳು ಹೇಳುತ್ತಿದ್ದೇನೆ, ಅದಕ್ಕೆ ಯಾವ ಸಬೂಬೂ ಇಲ್ಲ. ಕೆಲಸದ ಒತ್ತಡ ಎಷ್ಟೇ ಇರಲಿ. ನಿನ್ನ ಹೆದರಿಕೆ ಸುಮ್ಮಸುಮ್ಮನೆ ಬಂದದ್ದಲ್ಲ.

ಆದರೂ ಮಗಳೇ, ಮನೆ ಹೆರಿಗೆ ಬೇಡ.

ನಾನು ತೀರ್ಥಹಳ್ಳಿ ಕಡೆ ಆರೋಗ್ಯ ಉಪಕೇಂದ್ರದಲ್ಲಿದ್ದೆ. ಆಷಾಢದ ಒಂದು ಸಂಜೆ, ಕಂಬಳಿಕೊಪ್ಪೆ ಹಾಕಿಕೊಂಡು ಒಬ್ಬ ಹುಡುಗ ಓಡಿ ಬಂದ. ‘ಮಗು ಆಯ್ತು, ಕಸ ಬಿದ್ದಿಲ್ಲ’ ಅಂದ. ಕಸ ಅಂದರೆ ಮಾಸು. ಹೋಗಿ ನೋಡಿದರೆ ಮಗು ಚೆನ್ನಾಗಿತ್ತು. ಕೆಂಪಗೆ, ಗಟ್ಟಿ ಅಳು. ಮನೆಯವರೆಲ್ಲ ಮಗುವಿನ ಸುತ್ತ ನಿಂತಿದ್ದರು. ತಾಯಿ ಗೋಡೆ ಕಡೆ ತಿರುಗಿ ಸುಮ್ನೆ ಮಲಗಿದ್ದಳು. ‘ಸುಸ್ತಾಗಿದೆ, ಮಲಗಲಿ ಬಿಡಿ’ ಅಂದರು. ಲಾಟೀನು ಹತ್ತಿರ ಹಿಡಿದೆ. ತುಟಿ ಬಿಳಿಚಿಕೊಂಡಿತ್ತು, ಹಣೆ ತಣ್ಣಗೆ ಬೆವರಿತ್ತು. ಕೆಳಗೆ ಹಾಸಿದ್ದ ಹಳೆ ಸೀರೆ ತೊಯ್ದು, ಚಾಪೆ ತೊಯ್ದು, ಸಾರಿಸಿದ ನೆಲದ ಮೇಲೆ ರಕ್ತ ಹರಿದಿತ್ತು. ಸೂಜಿ ಕೊಟ್ಟೆ, ಕಿಬ್ಬೊಟ್ಟೆ ನೀವಿದೆ. ಕಂಬಳಿಯನ್ನು ಬಿದಿರಿಗೆ ಕಟ್ಟಿ ನಾಲ್ಕು ಜನ ಹೊತ್ತರು. ಸಂಕದ ಮೇಲೆ ಹಳ್ಳದ ನೀರು ಹರಿಯುತ್ತಿತ್ತು. ಅದು ಇಳಿಯುವ ತನಕ ಅರ್ಧ ಗಂಟೆ ಅಲ್ಲೇ ನಿಂತೆವು. ಅಷ್ಟು ಹೊತ್ತೂ ಅವಳ ಹೊಟ್ಟೆ ಮೇಲಿಂದ ನಾನು ಕೈ ತೆಗೆಯಲಿಲ್ಲ. ಅವಳು ಉಳಿದಳು. ಒಂದು ಚೂರು ತಡವಾಗಿದ್ದರೆ ಉಳಿಯುತ್ತಿರಲಿಲ್ಲ.

ಒಂಬತ್ತು ತಿಂಗಳೂ ಅವಳಿಗೆ ಏನೂ ತೊಂದರೆ ಇರಲಿಲ್ಲ ಗೊತ್ತಾ? ಬಿಪಿ ಸರಿ, ರಕ್ತ ಸರಿ, ಮಗುವಿನ ತಲೆ ಕೆಳಗೆ. ಹೆತ್ತ ಮೇಲೆ ಯಾರಿಗೆ ಜಾಸ್ತಿ ರಕ್ತ ಹೋಗುತ್ತದೆ ಅಂತ ಮೊದಲೇ ಹೇಳಲು ಆಗುವುದಿಲ್ಲ. ಹೋಗಲು ಶುರುವಾದರೆ ಎರಡು ಗಂಟೆಯೊಳಗೆ ಜೀವವೇ ಹೋಗಬಹುದು. ಅದಕ್ಕೇ ಆಸ್ಪತ್ರೆಯಲ್ಲಿ ಮಗು ಹೊರಗೆ ಬಂದ ಕೂಡಲೇ ತಾಯಿಗೆ ಆಕ್ಸಿಟೋಸಿನ್ 10 ಯೂನಿಟ್ ಸೂಜಿ ಕೊಡುತ್ತಾರೆ. ಆ ಔಷಧಿಯನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಹೋದರೆ ಎಷ್ಟು ದಿನಕ್ಕೆ ಬರುತ್ತದೆ, ನೀನೇ ಹೇಳು.

ನರಸಮ್ಮನವರ ಹೆಸರು ತೆಗೆದೆ. ಪಾವಗಡದ ಆ ತಾಯಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು. ಆ ಕೈಗಳಿಗೆ ನಾನು ಕೈ ಮುಗಿಯುತ್ತೇನೆ. ಆದರೆ ದಿನಾ ಮಾಡುತ್ತಿದ್ದ ಕೈ ಅದು. ನಿಮ್ಮಜ್ಜಿ ಕೊನೆಯ ಹೆರಿಗೆ ಮಾಡಿಸಿದ್ದು ಯಾವಾಗ ಅಂತ ಕೇಳು. ತಮ್ಮ ಕಣ್ಣೆದುರೇ ಎಷ್ಟು ತಾಯಂದಿರು ಹೋದರು ಅಂತಲೂ ಕೇಳು. ಅವರು ಒಬ್ಬರನ್ನೂ ಮರೆತಿರುವುದಿಲ್ಲ.

ಇನ್ನು ನಿನ್ನ ಗಂಡ ತೋರಿಸುವ ವಿಡಿಯೊ. ಇಂಗ್ಲೆಂಡಿನಂಥ ಕಡೆ ಮನೆಗೆ ಬರುವವರು ಮಿಡ್‌ವೈಫ್, ಅಂದರೆ ಹೆರಿಗೆ ಮಾಡಿಸಲೆಂದೇ ತರಬೇತಾದವರು. ಔಷಧಿ, ಆಮ್ಲಜನಕ ಜೊತೆಗೇ ತರುತ್ತಾರೆ, ಫೋನ್ ಮಾಡಿದರೆ ಆಂಬುಲೆನ್ಸ್ ಬಾಗಿಲಿಗೆ ಬರುತ್ತದೆ. ಅಂಥ ಕಡೆಯೂ ಚೊಚ್ಚಲ ಹೆರಿಗೆ ಮನೆಯಲ್ಲಿ ಅಂತ ಶುರು ಮಾಡಿದ 100 ಜನರಲ್ಲಿ ಸುಮಾರು 45 ಜನರನ್ನು ಆಸ್ಪತ್ರೆಗೆ ಸಾಗಿಸಬೇಕಾಯ್ತು ಅಂತ 2011ರಲ್ಲಿ ಅಲ್ಲಿನ ದೊಡ್ಡ ಅಧ್ಯಯನವೇ ಹೇಳಿತು. ಮಗುವಿಗೆ ಗಂಭೀರ ತೊಂದರೆ ಆದದ್ದು ಆಸ್ಪತ್ರೆಯಲ್ಲಿ ಸಾವಿರಕ್ಕೆ ಸುಮಾರು 5, ಮನೆಯಲ್ಲಿ ಸುಮಾರು 9. ಎರಡನೇ ಹೆರಿಗೆಯವರಲ್ಲಿ ಮಗುವಿನ ವಿಷಯದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಿನ್ನದು ಚೊಚ್ಚಲು. ಮೇಲೆ ಕಾಲುಸಂಕ.

ಹಾಗಾದರೆ ಏನು ಮಾಡಬೇಕು? ಡೇಟ್‌ಗೆ ಎರಡು ವಾರ ಮೊದಲೇ ಹಳ್ಳ ದಾಟಿ ಈಚೆ ಬಾ. ಹೊಸನಗರವೋ, ತೀರ್ಥಹಳ್ಳಿಯೋ, ಶಿವಮೊಗ್ಗವೋ, ಆಸ್ಪತ್ರೆ ಹತ್ತಿರ ನೆಂಟರ ಮನೆ ಇದ್ದೇ ಇರುತ್ತದೆ ಅಲ್ವಾ? ಬಿಪಿ ಜಾಸ್ತಿ, ರಕ್ತ ಕಡಿಮೆ ಅಂತೇನಾದರೂ ತಾಯಿ ಕಾರ್ಡಿನಲ್ಲಿ ಬರೆದಿದ್ದರೆ ನೇರ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೇ ಹೋಗು, ಅಲ್ಲಿ ರಕ್ತನಿಧಿಯೂ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧಿ, ಹೋಗಿಬರುವ ಗಾಡಿ ಎಲ್ಲ ಉಚಿತ. 2011ರಿಂದ ಹಾಗೇ ಇದೆ.

ಮತ್ತೆ ಅಜ್ಜಿಯನ್ನು ಜೊತೆಗೇ ಕರ್ಕೊಂಡು ಹೋಗು. ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬ ಹೆಂಗಸು ಇರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ತಾನೂ ಹೆತ್ತವಳಾದರೆ ಒಳ್ಳೆಯದು ಅನ್ನುತ್ತದೆ ಆ ಸೂಚನೆ. ಅಜ್ಜಿಗಿಂತ ಬೇಕಾ? ಒಂದು ವಾರ ಮೊದಲೇ ವಾರ್ಡಿಗೆ ಹೋಗಿ ಅಲ್ಲಿನ ಸಿಸ್ಟರ್ ಹತ್ತಿರ ಇದನ್ನು ಮಾತಾಡು. ಮುಖ ಪರಿಚಯ ಆದರೆ ದನಿ ಬೇರೆಯಾಗುತ್ತದೆ, ನಾನೇ ಕಂಡಿದ್ದೇನೆ. ಸೊಂಟ ಉಜ್ಜುವುದು, ನಡೆಸುವುದು, ಜೀರಿಗೆ ಕಷಾಯ ಕುಡಿಸುವುದು, ‘ಇನ್ನೊಂದು ಚೂರು ತಡ್ಕೊ ಪುಟ್ಟಾ’ ಅನ್ನುವುದು, ಅಜ್ಜಿಗೆ ಅದೆಲ್ಲ ನಮಗಿಂತ ಚೆನ್ನಾಗಿ ಬರುತ್ತದೆ.

ಅಕಸ್ಮಾತ್ ಗಾಡಿ ಬರುವ ಮೊದಲೇ ಮಗು ಬಂದುಬಿಟ್ಟರೆ ಮನೆಯವರಿಗೆ ಈಗಲೇ ಹೇಳಿಕೊಡು. 108ಕ್ಕೆ ಫೋನ್. ಮಗುವನ್ನು ಒಣ ಬಟ್ಟೆಯಿಂದ ಒರೆಸಿ, ಬರಿಮೈಯಲ್ಲೇ ನಿನ್ನ ಎದೆ ಮೇಲೆ ಮಲಗಿಸಿ, ಇಬ್ಬರಿಗೂ ಸೇರಿಸಿ ಹೊದಿಸಬೇಕು. ಸ್ನಾನ ಬೇಡ. ಬಳ್ಳಿ ಕೊಯ್ಯುವ ಅವಸರ ಬೇಡ, ಎಳೆಯುವುದಂತೂ ಬೇಡವೇ ಬೇಡ. ಮೊಲೆ ಚೀಪಿಸಿದರೆ ಗರ್ಭಕೋಶ ಬಿಗಿಯಾಗುತ್ತದೆ. ಒಬ್ಬರು ಮಗುವನ್ನು ನೋಡಲಿ, ಇನ್ನೊಬ್ಬರು ನಿನ್ನ ಕೆಳಗಿನ ಬಟ್ಟೆಯನ್ನೇ ನೋಡುತ್ತಿರಲಿ. ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು. ಮಗುವಿಗೆ ಹೆಪಟೈಟಿಸ್ ಬಿ ಸೂಜಿ 24 ಗಂಟೆಯೊಳಗೆ ಆಗಬೇಕು. ವಿಟಮಿನ್ ಕೆ, ಬಿಸಿಜಿ, ಪೋಲಿಯೊ ಹನಿಯೂ ಇವೆ.

ಪ್ರಶ್ನೆ: ನನ್ನ ಮೊಮ್ಮಗುವಿಗೆ ಒಂಬತ್ತು ದಿನ. ಮೈ ಹಳದಿ ಇದೆ. ಬಿಸಿಲಿಗೆ ಹಿಡಿಯೋಣ ಅಂದರೆ ವಾರದಿಂದ ಬಿಸಿಲೇ ಇಲ್ಲ. ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟಿದ್ದೇವೆ. — ಸಾಗರ ತಾಲೂಕಿನ ಅಜ್ಜಿ

ಉತ್ತರ: ಬಿಸಿಲು ಕಾಯಬೇಡಿ ಅಮ್ಮಾ, ಅದು ಕಾಮಾಲೆಗೆ ಚಿಕಿತ್ಸೆ ಅಲ್ಲ. ಎರಡು ಮೂರನೇ ದಿನ ಶುರುವಾದ ಹಳದಿ ಹೆಚ್ಚಿನ ಮಕ್ಕಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಒಂಬತ್ತು ದಿನಕ್ಕೂ ಇದೆ ಅಂದರೆ ಒಮ್ಮೆ ಡಾಕ್ಟರಿಗೆ ತೋರಿಸಿಬಿಡಿ. ಕಿಟಕಿ ಬೆಳಕಿನಲ್ಲಿ ಅಂಗೈ, ಅಂಗಾಲು ನೋಡಿ. ಅಲ್ಲಿಯೂ ಹಳದಿ ಇದ್ದರೆ, ಮಗು ಹಾಲಿಗೆ ಏಳದೆ ಮಂಕಾಗಿದ್ದರೆ ಇವತ್ತೇ ಹೊರಡಿ. ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದೆಯಾ, ಲೆಕ್ಕ ಇಡಿ. ಸಕ್ಕರೆ ನೀರು, ಜೇನು, ಬಜೆ ಏನೂ ಬೇಡ. ಎದೆಹಾಲು ಮಾತ್ರ, ಹಗಲೂ ರಾತ್ರಿಯೂ.

ಅಗ್ಗಿಷ್ಟಿಕೆಯನ್ನು ದಯವಿಟ್ಟು ಈಗಲೇ ಹೊರಗೆ ಇಡಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ವಾಸನೆಯೇ ಇಲ್ಲದ ವಿಷದ ಗಾಳಿ ತುಂಬುತ್ತದೆ, ಮಲಗಿದವರು ಏಳುವುದಿಲ್ಲ. ಮಗುವಿಗೆ ಟೋಪಿ ಹಾಕಿ, ತಾಯಿಯ ಎದೆಗೆ ಅಂಟಿಸಿ ಹೊದಿಸಿ. ಆ ಬಿಸಿಯೇ ಸಾಕು.

ಪ್ರಶ್ನೆ: ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ ಅಂತ ಅತ್ತೆ ದಿನಕ್ಕೆ ಎರಡೇ ಲೋಟ ಕೊಡುತ್ತಾರೆ. ಬಾಯಿ ಒಣಗುತ್ತದೆ. — ಕೊಪ್ಪ

ಉತ್ತರ: ಈ ಪುಟವನ್ನು ಅತ್ತೆಗೆ ಓದಿ ಹೇಳಿ. ಅತ್ತೆಮ್ಮಾ, ಹೊಟ್ಟೆ ಬರುವುದು ನೀರಿನಿಂದಲ್ಲ. ನಿಮ್ಮ ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪದ ಅನ್ನ ಎಲ್ಲ ಇರಲಿ, ಜೊತೆಗೆ ಸೊಪ್ಪು, ಬೇಳೆಯೂ ಇರಲಿ. ಹಾಲೂಡಿಸುವವಳಿಗೆ ಬಾಯಾರಿಕೆ ಜಾಸ್ತಿ. ಕುದಿಸಿ ಆರಿಸಿದ ನೀರನ್ನು ಒಂದು ತಂಬಿಗೆ ತುಂಬಿ ಅವಳ ಕೈಗೆ ಎಟಕುವ ಹಾಗೆ ಇಡಿ. ಖಾಲಿಯಾದರೆ ಮತ್ತೆ ತುಂಬಿ.