ಹೊಗೆಸೊಪ್ಪು ಹಾಕದೆ ಬರೀ ಎಲೆಅಡಿಕೆ ತಿಂದರೂ ಬಾಯಿ ಕ್ಯಾನ್ಸರ್ ಬರುತ್ತದೆಯೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಬದಿಯಡ್ಕದ ಹತ್ತಿರ ಅಡಿಕೆ ತೋಟದ ಮನೆ, ತಂದೆಯವರಿಗೆ 62 ವರ್ಷ, ದಿನಕ್ಕೆ ಎಂಟು ಹತ್ತು ಸಲ ಎಲೆಅಡಿಕೆ, ನಡುವೆ ನಾಲ್ಕೈದು ಬೀಡಿ. "ಹೊಗೆಸೊಪ್ಪು ಮುಟ್ಟುವುದಿಲ್ಲ, ಅಡಿಕೆ ನಮ್ಮದೇ ತೋಟದ್ದು, ನನ್ನ ಅಜ್ಜ 90 ದಾಟುವವರೆಗೂ ತಿಂದಿದ್ದರು" ಎನ್ನುತ್ತಾರೆ. ಅವರ ವಾದ ಸರಿಯೇ?

ಸರಿಯಲ್ಲ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು, ನಿಜ. ಆದರೆ ಅಡಿಕೆಯೊಂದೇ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ ಅಡಿಕೆಯನ್ನೂ ಮೊದಲನೇ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿದೆ. ಈ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಮಾತ್ರ. ಮದುವೆ ಊಟದ ಮೇಲೆ ಒಂದು ಬೀಡ ಹಾಕುವವರಿಗೂ ದಿನಕ್ಕೆ ಹತ್ತು ಸಲ ಜಗಿಯುವವರಿಗೂ ಅಪಾಯ ಒಂದೇ ಅಲ್ಲ. ಎಷ್ಟು ಸಲ, ಎಷ್ಟು ವರ್ಷ, ಎಷ್ಟು ಹೊತ್ತು ಎಂಬುದೇ ಮುಖ್ಯ. ಇನ್ನು ಅಜ್ಜನ ವಿಚಾರ: 90 ದಾಟಿದವರು ಊರಿಗೆಲ್ಲ ನೆನಪಿರುತ್ತಾರೆ, 55ಕ್ಕೆ ಹೋದವರನ್ನು ಯಾರೂ ಈ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬಾಯಲ್ಲಿ ಆಗುವುದೇನು? ಅಡಿಕೆಯಲ್ಲಿ ಅರೆಕೋಲಿನ್ ಎಂಬ ಕ್ಷಾರವಸ್ತುವಿದೆ, ತಾಮ್ರದ ಅಂಶವೂ ಇದೆ. ಅರೆಕೋಲಿನ್ ಕೆನ್ನೆಯ ಒಳಚರ್ಮದಡಿಯ ಜೀವಕೋಶಗಳಿಂದ ನಾರಿನಂಥ ಕೊಲಾಜನ್ ಅತಿಯಾಗಿ ಹುಟ್ಟಿಸುತ್ತದೆ. ಆ ನಾರುಗಳು ಒಂದಕ್ಕೊಂದು ಬೆಸೆದು ಬಿಗಿಯಾಗಲು ತಾಮ್ರ ನೆರವಾಗುತ್ತದೆ. ಸುಣ್ಣ ಬಾಯಿಯ ಕ್ಷಾರತೆ ಏರಿಸುವುದರಿಂದ ಅಡಿಕೆಯ ಒಗರು ಅಂಶಗಳು ಜೀವಕೋಶದ ಡಿಎನ್‌ಎಗೆ ಪೆಟ್ಟು ಕೊಡುವ ಆಮ್ಲಜನಕದ ಉಗ್ರ ರೂಪಗಳನ್ನು ಹೊಮ್ಮಿಸುತ್ತವೆ. ಹೊಗೆಸೊಪ್ಪಿದ್ದರೆ ಅದರ ನಿಕೋಟಿನ್ ಬೇಗ ರಕ್ತಕ್ಕೆ ಸೇರುವುದೂ ಸುಣ್ಣದಿಂದಲೇ. ವೀಳ್ಯದೆಲೆಯ ಮೇಲೆ ಮಾತ್ರ ಇಂಥ ಆರೋಪವಿಲ್ಲ. ಸ್ವಂತ ತೋಟದ್ದು, ಗೊಬ್ಬರ ಹಾಕದ್ದು, ಚೆನ್ನಾಗಿ ಒಣಗಿಸಿದ ಚಾಲಿ ಎಂಬುದರಿಂದ ಏನೂ ಬದಲಾಗದು. ಅರೆಕೋಲಿನ್ ಅಡಿಕೆಯದೇ ಗುಣ. ಅಡಿಕೆಯಿಂದ ಒಲೆ ಉರಿಯುವ ನಮ್ಮ ಕಾಸರಗೋಡಿನಲ್ಲಿ ಇದು ರುಚಿಸುವ ಮಾತಲ್ಲ ಬಿಡಿ.

ಉಂಡೆಯನ್ನು ಇರಿಸಿಕೊಳ್ಳುವ ಜಾಗದಲ್ಲೇ, ಕೆನ್ನೆ ಮತ್ತು ಒಸಡಿನ ನಡುವಿನ ಸಂದಿಯಲ್ಲಿ, ಹೆಚ್ಚಾಗಿ ಹುಣ್ಣು ಏಳುತ್ತದೆ. ಕೆಲವರು ಮಧ್ಯಾಹ್ನ ಅದನ್ನು ಹಾಗೇ ಇಟ್ಟುಕೊಂಡು ಮಲಗುತ್ತಾರೆ. ಎಲ್ಲಕ್ಕಿಂತ ಕೆಟ್ಟ ಅಭ್ಯಾಸ ಅದು. ಮೊದಲು ನಿಲ್ಲಿಸಬೇಕಾದದ್ದೂ ಅದನ್ನೇ.

ಬೀಡಿ ನಾಲ್ಕೇ ಎಂದು ಕಡೆಗಣಿಸಬೇಡಿ. ಒಳಗಿನ ತಂಬಾಕು ಸಿಗರೇಟಿಗಿಂತ ಕಡಿಮೆ. ಆದರೆ ಬೀಡಿ ಎಲೆಯಲ್ಲಿ ಗಾಳಿಯಾಡದ ಕಾರಣ ಆರದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕಾಗುತ್ತದೆ, ಟಾರ್ ಸಾಕಷ್ಟು ಒಳಗಿಳಿಯುತ್ತದೆ. ಜಗಿಯುವುದೂ ಸೇದುವುದೂ ಜೊತೆಗೂಡಿದರೆ ಒಂದೊಂದರಿಂದ ಬರುವುದಕ್ಕಿಂತ ಅಪಾಯ ಹೆಚ್ಚು. ಮದ್ಯ ಸೇರಿದರೆ ಹೇಳುವುದೇ ಬೇಡ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ತಂದೆಯವರು ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಡಲಿ. ಎರಡೇ ಹಿಡಿದರೆ, ಒಳಕೆನ್ನೆ ಬಿಳಿಚಿಕೊಂಡು ಗಡುಸಾಗಿದ್ದರೆ, ಖಾರ ತಾಗಿದ ಕೂಡಲೇ ಉರಿದರೆ, ಮೇಲೆ ಹೇಳಿದ ನಾರುಗಟ್ಟುವ ರೋಗ ಶುರುವಾಗಿರಬಹುದು. ಅಡಿಕೆ ಬಿಟ್ಟರೂ ಇದು ಸಾಮಾನ್ಯವಾಗಿ ಪೂರ್ತಿ ಹಿಂದೆ ಹೋಗದು. ಬಾಯಿ ತೆರೆಸುವ ವ್ಯಾಯಾಮ, ಚಿಕಿತ್ಸೆಗಳಿಂದ ಬಿಗಿತ ಸ್ವಲ್ಪ ಸಡಿಲವಾಗುತ್ತದೆ. ಆಮೇಲೆ ಟಾರ್ಚ್ ಹಿಡಿದು ಎರಡೂ ಕೆನ್ನೆ, ನಾಲಿಗೆಯ ಅಂಚು, ನಾಲಿಗೆಯ ಅಡಿ ನೋಡಿ. ಒರೆಸಿದರೆ ಹೋಗದ ಬಿಳಿ ಮಚ್ಚೆ, ಅದಕ್ಕಿಂತಲೂ ಅಪಾಯಕಾರಿಯಾದ ಮಕಮಲ್ಲಿನಂಥ ಕೆಂಪು ಮಚ್ಚೆ, ಎರಡು ವಾರದಲ್ಲಿ ಮಾಯದ ಹುಣ್ಣು, ಕಾರಣವಿಲ್ಲದೆ ಅಲುಗುವ ಹಲ್ಲು, ಕುತ್ತಿಗೆಯ ಗಂಟು, ಇವುಗಳಲ್ಲಿ ಒಂದು ಕಂಡರೂ ತಡಮಾಡಬಾರದು. ಆರಂಭದಲ್ಲಿ ನೋವೇ ಇರುವುದಿಲ್ಲ, ಹಾಗಾಗಿ ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗುತ್ತ ತಿಂಗಳುಗಟ್ಟಲೆ ಕಳೆಯುವವರೇ ಹೆಚ್ಚು. ಕಣ್ಣಿನಿಂದ ನೋಡುವ ಪರೀಕ್ಷೆ ಸಣ್ಣದೆಂದು ತಿಳಿಯಬೇಡಿ: ತಿರುವನಂತಪುರದಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಹೀಗೆ ಬಾಯಿ ನೋಡಿದ್ದರಿಂದ ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು 34 ಶೇಕಡಾ ತಗ್ಗಿತು ಎಂದು 2005ರಲ್ಲಿ ವರದಿಯಾಗಿದೆ.

ಬಿಡಿಸುವಾಗ ಎಲೆಅಡಿಕೆಗೆ ಬದಲಾಗಿ ಪ್ಯಾಕೆಟಿನ ಸಿಹಿ ಅಡಿಕೆಪುಡಿ ತಂದುಕೊಡಬೇಡಿ, ಅದೂ ಅಡಿಕೆಯೇ. ಏಲಕ್ಕಿ, ಲವಂಗ ಸಾಕು. ಮೊದಲ ವಾರ ಸಿಡುಕು, ತಲೆನೋವು, ನಿದ್ದೆಗೇಡು ಸಹಜ. ಮೂರ್ನಾಲ್ಕು ವಾರದಲ್ಲಿ ತಗ್ಗುತ್ತದೆ. ಬೀಡಿಗೆ ನಿಕೋಟಿನ್ ಗಮ್ ಬಳಸುವುದಾದರೆ ವೈದ್ಯರನ್ನು ಕೇಳಿಯೇ ಬಳಸಲಿ. ಅದನ್ನು ಎಲೆಅಡಿಕೆಯಂತೆ ಬಿಡದೆ ಜಗಿದರೆ ರಸ ಹೊಟ್ಟೆಗಿಳಿದು ಬಿಕ್ಕಳಿಕೆ, ಹೊಟ್ಟೆ ತೊಳಸುವಿಕೆ ಬರುತ್ತದೆ. ಕೆಲವು ಸಲ ಜಗಿದು, ಚುರುಚುರು ಅನ್ನಿಸಿದಾಗ ಕೆನ್ನೆಯ ಬದಿಗೆ ಸರಿಸಿಡಬೇಕು. ತಂಬಾಕು ಬಿಡಲು ಸಲಹೆ ಕೊಡುವ ಸರಕಾರದ ಉಚಿತ ಸಂಖ್ಯೆ 1800-11-2356.

ಮಚ್ಚೆಯೋ ಹುಣ್ಣೋ ಕಂಡರೆ ಹತ್ತಿರದ ದಂತವೈದ್ಯರೇ ಮೊದಲ ಮೆಟ್ಟಿಲು. ಮುಂದಕ್ಕೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ, ಮಂಗಳೂರಿನ ಆಸ್ಪತ್ರೆಗಳೂ ಇವೆ. ಸಣ್ಣ ತುಣುಕು ತೆಗೆದು ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಯಾರಾದರೂ ಹೆದರಿಸಿದರೆ ಕಿವಿಗೊಡಬೇಡಿ. ಹೋಗುವಾಗ ಎಷ್ಟು ವರ್ಷದಿಂದ ಜಗಿಯುತ್ತಿದ್ದಾರೆ, ದಿನಕ್ಕೆಷ್ಟು, ಉಂಡೆ ಇಡುವುದು ಯಾವ ಕೆನ್ನೆಯಲ್ಲಿ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ವೈದ್ಯರು ಮೊದಲು ಕೇಳುವುದು ಅದನ್ನೇ.